ಅಕ್ಕಿ ಮೂಟೆಯ ಮೇಲೆ ಮೂರು ದುರ್ಬೀನು

ಕಳೆದ ವಾರ ಮಗಳು ಯಾರಿಂದಲೋ ಒಂದು ಹಳೆಯ ಹೊಲಿಗೆ ಯಂತ್ರ ತಂದಳು. ಚಕ್ರ ಬಿಗಿಯಾಗಿತ್ತು. ನಾನು ತಳದ ತಟ್ಟೆ ಬಿಚ್ಚಿ, ಹಳೆಯ ಜಿಡ್ಡು ಒರೆಸಿ, ತೆಳುವಾದ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟೆ. ಒಲೆಯ ಮೇಲೆ ಅವಳು ಕೊತ್ತಂಬರಿ ಬೀಜ ಹುರಿಯುತ್ತಿದ್ದಳು. ಎರಡು ವಾಸನೆಗಳೂ ಬೆರೆತವು. ಅವೆರಡೂ ಬೆರೆತು ಬರುತ್ತಿದ್ದ ಜಾಗ ನನಗೆ ಗೊತ್ತಿದ್ದದ್ದು ಒಂದೇ. ಐರ್ಲೆಂಡಿನ ಇದೇ ಕಾರ್ಕ್ ಊರಿನ ಇಳಿಜಾರು ಬೀದಿಯಲ್ಲಿದ್ದ ಒಂದು ದಿನಸಿ ಅಂಗಡಿ. ಅದರ ಮಾಲೀಕರು ಅಂಗಡಿಯ ಷಟರಿಗೂ ಮನೆಯಲ್ಲಿದ್ದ ಬಂದೂಕಿಗೂ ಒಂದೇ ಎಣ್ಣೆ ಬಳಸುತ್ತಿದ್ದರು.

ನಾನು ಮೊದಲ ಸಲ ಇಲ್ಲಿಗೆ ಬಂದದ್ದು ಕೊರೋನಾ ಸೋಂಕು ಹರಡುವುದಕ್ಕೆ ಸ್ವಲ್ಪ ಮುಂಚೆ. ಮೂರು ತಿಂಗಳಿದ್ದು ಮೈಸೂರಿಗೆ ಹಿಂದಿರುಗುವ ಏರ್ಪಾಡಿತ್ತು. ವಿಮಾನಗಳು ನಿಂತವು. ಊರಂಚಿನ ಹಾಲಿಹಿಲ್‌ನ ಕಂಪನಿಯಲ್ಲಿ ಕೆಲಸ ಮಾಡುವ ಅಳಿಯ ಊಟದ ಮೇಜನ್ನೇ ಕಚೇರಿ ಮಾಡಿಕೊಂಡ. ಮಗಳು ಮಲಗುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮೀಟಿಂಗ್ ನಡೆಸುತ್ತಿದ್ದಳು. ಸೈನ್ಯದಲ್ಲಿ ಕಲಿತ ದಿನಚರಿಯನ್ನು ನಾನು ಬಿಟ್ಟವನಲ್ಲ. ಬೆಳಗಿನ ವ್ಯಾಯಾಮ, ಕ್ಷೌರ, ಹಾಸಿಗೆ ಮಡಿಸುವುದು, ಬೂಟಿಗೆ ಪಾಲಿಶ್. ಆಮೇಲೆ ಮಾಡಲು ಏನೂ ಇರುತ್ತಿರಲಿಲ್ಲ. ಆದ್ದರಿಂದ ಮಂಗಳವಾರ ಮತ್ತು ಶುಕ್ರವಾರ ದಿನಸಿ ತರುವ ಕೆಲಸವನ್ನು ನಾನೇ ವಹಿಸಿಕೊಂಡೆ. ಆನ್‌ಲೈನ್‌ನಲ್ಲಿ ತರಿಸಿದರೆ ಸಾಕು ಎಂದು ಮಗಳು ಹೇಳಿದಳು. ಬೇಳೆಯನ್ನು ಕೈಯಲ್ಲಿ ಹಿಡಿದು ನೋಡದೆ ಕೊಳ್ಳುವುದಿಲ್ಲ ಎಂದೆ. ಅವಳು ಎರಡು ಮಾಸ್ಕ್ ಕೊಟ್ಟು ಕಳಿಸಿದಳು.

ಅಂಗಡಿಯೊಳಗೆ ಒಬ್ಬೊಬ್ಬರನ್ನೇ ಬಿಡುತ್ತಿದ್ದರು. ಹೊರಗೆ ಸಾಲು. ಗಲ್ಲಾದ ಮುಂದೆ ಪಾರದರ್ಶಕ ಹಾಳೆ, ಅದರ ಹಿಂದೆ ಆ ಮಾಲೀಕರು. ಹುಬ್ಬಳ್ಳಿಯವರು. ದೊಡ್ಡ ಮೈಕಟ್ಟು, ಕತ್ತರಿಸಿದ ಬಿಳಿ ಗಡ್ಡ, ಕಂದು ಬಣ್ಣದ ಏಪ್ರನ್. ನಾನು ಅವರನ್ನು ಸಾಹೇಬರು ಎನ್ನುತ್ತಿದ್ದೆ. ನಾನು ಸುಬೇದಾರನಾಗಿ ನಿವೃತ್ತನಾದವನೆಂದು ತಿಳಿದ ದಿನದಿಂದ ಅವರೂ ನನ್ನನ್ನು ಸುಬೇದಾರ್ ಸಾಹೇಬರು ಎನ್ನತೊಡಗಿದರು. ಸಾಲಿನಲ್ಲಿ ನಿಂತ ಬೆಂಗಳೂರಿನ ಹುಡುಗರು ನಮ್ಮ ಈ ಸಾಹೇಬಗಿರಿ ಕೇಳಿ ಮಾಸ್ಕಿನೊಳಗೇ ನಗುತ್ತಿದ್ದರು.

ಅವರು ಐರ್ಲೆಂಡಿಗೆ ಬಂದದ್ದು ಅಂಗಡಿ ಇಡಲು ಅಲ್ಲ. ಒಂದು ಮಾಂಸದ ಕಾರ್ಖಾನೆಯಲ್ಲಿ ಹಲಾಲ್ ಮಾಡುವ ಕೆಲಸಕ್ಕೆ. ಬಹಳ ವರ್ಷ ಅದನ್ನೇ ಮಾಡಿದರು. ಚಾಕುವಿನ ಅಲಗನ್ನು ಹೆಬ್ಬೆರಳಿನ ಉಗುರಿನ ಮೇಲೆ ಎಳೆದು ನೋಡುವ ಅಭ್ಯಾಸ ಅಲ್ಲಿಂದ ಬಂದದ್ದು. ಅಲಗು ಎಲ್ಲಿಯಾದರೂ ತಡೆದರೆ ಆ ಚಾಕುವನ್ನು ಮುಟ್ಟುತ್ತಿರಲಿಲ್ಲವಂತೆ. ಒಂದೇ ಎಳೆತಕ್ಕೆ ಮುಗಿಯಬೇಕು, ಪ್ರಾಣಿಗೆ ಎರಡನೆಯ ನೋವು ಇರಬಾರದು, ಇದು ಅವರ ಉಸ್ತಾದರು ಹೇಳಿಕೊಟ್ಟ ನೇಮ. ಅಂಗಡಿ ಇಟ್ಟ ಮೇಲೆ ಬಿಡುವಿನಲ್ಲಿ ಜಿಂಕೆ ಬೇಟೆ ಕಲಿತರು. ಊರಿನಾಚೆ ಗುಡ್ಡದಲ್ಲಿ ಒಬ್ಬ ರೈತನ ಜಮೀನು ಇತ್ತು. ಅಲ್ಲಿ ನೆಟ್ಟ ಎಳೆಯ ಮರಗಳ ತೊಗಟೆಯನ್ನು ಜಿಂಕೆಗಳು ಸುಲಿದು ಹಾಕುತ್ತಿದ್ದವು. ರೈತ ಒಪ್ಪಿಗೆ ಕೊಟ್ಟ, ಸರ್ಕಾರ ಪರವಾನಗಿ ಕೊಟ್ಟಿತು. ಗುಂಡು ಹಾರಿಸುವ ಮುನ್ನ ದೇವರ ಹೆಸರು ಹೇಳುವರು. ಒಂದೇ ಗುಂಡು. ಚಾಕುವಿನ ನೇಮವೇ ಬಂದೂಕಿಗೂ. ಮಾಂಸವನ್ನು ಮಾರುತ್ತಿರಲಿಲ್ಲ, ಹಂಚುತ್ತಿದ್ದರು.

ನಾನು ಸಸ್ಯಾಹಾರಿ. ಸೈನ್ಯದಲ್ಲಿ ಇದ್ದೂ ಒಂದು ಪ್ರಾಣಿಯ ಮೇಲೆ ಗುಂಡು ಹಾರಿಸಿದವನಲ್ಲ. ನನ್ನ ಕೆಲಸ ವರ್ಕ್‌ಶಾಪಿನಲ್ಲಿ, ಬಂದೂಕು ಮತ್ತು ಫಿರಂಗಿಗಳ ಗುರಿಯ ದುರ್ಬೀನುಗಳನ್ನು ಬಿಚ್ಚಿ, ಗಾಜು ಒರೆಸಿ, ಮತ್ತೆ ಕೂಡಿಸುವುದು. ಬೇಸಗೆಯ ಒಂದು ಶುಕ್ರವಾರ ಅವರು ಗಲ್ಲಾದಲ್ಲಿ ಮೊಬೈಲ್ ಹಿಡಿದು ದುರ್ಬೀನುಗಳ ಚಿತ್ರ ನೋಡುತ್ತಿದ್ದರು. ನಾನು ಹಾಳೆಯ ಈಚೆಯಿಂದಲೇ, ಅದನ್ನು ಕೊಳ್ಳಬೇಡಿ, ಎಂದೆ. ಅವರು ತೊಗರಿಬೇಳೆ ತೂಗುವುದನ್ನು ಅರ್ಧಕ್ಕೆ ನಿಲ್ಲಿಸಿದರು.

ಆ ದಿನದಿಂದ ನಮ್ಮ ಮಾತು ಅದೇ. ಹಿಂದಿನ ಚಳಿಗಾಲದ ಕೊನೆಯಲ್ಲಿ ಅವರು ಹೊಡೆದ ಜಿಂಕೆಯೊಂದು ಬೀಳಲಿಲ್ಲ. ಗಾಯಗೊಂಡು ಮರಗಳ ಒಳಗೆ ಓಡಿಹೋಯಿತು. ಮರುದಿನವೂ ಹೋಗಿ ರಕ್ತದ ಜಾಡು ಹಿಡಿದು ಹುಡುಕಿದರು. ಒಂದು ತೊರೆಯ ಬಳಿ ಜಾಡು ತಪ್ಪಿತು. ಅಂದಿನಿಂದ ಅವರು ಜಿಂಕೆ ಮಾಂಸ ಮುಟ್ಟಿರಲಿಲ್ಲ, ಬಂದೂಕು ಹಿಡಿದು ಗುಡ್ಡಕ್ಕೆ ಹೋಗಿರಲಿಲ್ಲ. ದುರ್ಬೀನು ಮಸುಕಾಗಿದೆ, ಮೋಸ ಮಾಡಿತು ಎನ್ನುತ್ತಿದ್ದರು. ಹೊಸದು ಬೇಕು, ಚೆನ್ನಾಗಿರಬೇಕು, ಆದರೆ ಅಂಗಡಿಯವನ ಕೈಗೆ ಎಟುಕುವಂತಿರಬೇಕು. ಬೇಟೆಯ ಕಾಲ ಸೆಪ್ಟೆಂಬರಿಗೆ ತೆರೆಯುತ್ತಿತ್ತು. ಇನ್ನೊಂದು ಪ್ರಾಣಿಗೆ ಹಾಗಾದರೆ ಮತ್ತೆ ಬಂದೂಕು ಹಿಡಿಯುವುದಿಲ್ಲ ಎಂದು ಅವರು ನನಗೆ ಹೇಳಿದ್ದು ಗಟ್ಟಿಯಾಗಿ ಅಲ್ಲ, ಬೇಳೆಯ ಚೀಲದ ಬಾಯಿ ಕಟ್ಟುತ್ತ.

ನನಗೆ ತಿಳಿದದ್ದನ್ನು ಹೇಳಿದೆ. ಅಗ್ಗದ ದುರ್ಬೀನು ಕೊಳ್ಳುವವರು ಸಾಮಾನ್ಯವಾಗಿ ಅದು ಎಷ್ಟು ಪಟ್ಟು ಹಿಗ್ಗಿಸಿ ತೋರಿಸುತ್ತದೆ ಎಂಬುದಕ್ಕೆ ಮರುಳಾಗುತ್ತಾರೆ. ಹೆಚ್ಚು ಹಿಗ್ಗಿಸಿದಷ್ಟೂ ಬೆಳಕು ತೆಳ್ಳಗಾಗುತ್ತದೆ. ಜಿಂಕೆ ಹೊರಬರುವುದು ಮುಂಜಾವಿನ ಮಬ್ಬಿನಲ್ಲಿ, ಇಲ್ಲವೇ ಸಂಜೆ. ಆಗ ಬೇಕಾದದ್ದು ಬೆಳಕು. ಹಿಗ್ಗಿಸುವ ಶಕ್ತಿ ಬದಲಾಗದ, ಆರು ಪಟ್ಟು ತೋರಿಸುವ ಸಾದಾ ದುರ್ಬೀನು ಸಾಕು. ಒಳಗೆ ಚಲಿಸುವ ಭಾಗ ಕಡಿಮೆ, ಆದ್ದರಿಂದ ಅದೇ ಬೆಲೆಗೆ ಒಳ್ಳೆಯ ಗಾಜು ಸಿಗುತ್ತದೆ. ತಲೆ ಅಲ್ಲಾಡಿಸಿದಾಗ ಒಳಗೆ ಕಾಣುವ ಕೂಡುಗೆರೆ, ಅಂದರೆ ಗುರಿಗೆರೆ, ಗುರಿಯ ಮೇಲಿಂದ ಜಾರಬಾರದು. ಕಣ್ಣಿಗೂ ಗಾಜಿಗೂ ನಡುವೆ ಅಂತರ ಇರಬೇಕು, ಇಲ್ಲದಿದ್ದರೆ ಗುಂಡು ಹಾರಿದಾಗ ಹುಬ್ಬು ಸೀಳುತ್ತದೆ. ಇನ್ನು ಅದನ್ನು ಬಂದೂಕಿಗೆ ಬಿಗಿಯುವ ಉಂಗುರಗಳು... ಎಲ್ಲರೂ ಜಿಪುಣತನ ಮಾಡುವುದು ಅಲ್ಲೇ. ಉಂಗುರ ಸಡಿಲವಾದರೆ ಎಂಥ ಗಾಜಿದ್ದರೂ ವ್ಯರ್ಥ. ಅವರು ಗಮನವಿಟ್ಟು ಕೇಳುತ್ತಿದ್ದರು. ಹಿಂದೆ ಸಾಲು ಬೆಳೆಯುತ್ತಿತ್ತು.

ಒಂದು ದಿನ ಹಳೆಯ ದುರ್ಬೀನನ್ನು ಬಂದೂಕಿನಿಂದ ಬಿಚ್ಚಿ ಅಂಗಡಿಗೆ ತಂದರು. ನನ್ನ ಕೈಗೆ ಕೊಡುವ ಮೊದಲು ಬಾಟಲಿಯಿಂದ ಸ್ಯಾನಿಟೈಸರನ್ನು ಅದರ ಗಾಜಿನ ಮೇಲೆ ಚಿಮ್ಮಿಸಿ ಏಪ್ರನ್ನಿನಿಂದ ಉಜ್ಜಿದರು. ನನಗೆ ರೇಗಿತು. ವರ್ಕ್‌ಶಾಪಿನಲ್ಲಿ ಹೊಸ ಹುಡುಗರನ್ನು ಬೈಯುತ್ತಿದ್ದ ದನಿಯಲ್ಲೇ ಬೈದೆ. ಮಾರ್ಚಿನಿಂದ ದಿನಾ ಹೀಗೇ ಒರೆಸುತ್ತಿದ್ದೇನೆ ಎಂದರು, ಸೋಂಕು ಅಂಟಬಾರದಲ್ಲ. ಗಾಜಿನ ಮೇಲಿನ ಲೇಪ ಹಾಳಾಗಿ ಮಸುಕಾಗಿದೆ ಎಂದು ನಾನು ಅಲ್ಲೇ ತೀರ್ಮಾನಿಸಿದೆ. ಜಿಂಕೆಗೆ ಗಾಯವಾದದ್ದು ಅದಕ್ಕೂ ಮುಂಚೆ ಎಂಬುದು ನನಗೆ ಹೊಳೆಯಲಿಲ್ಲ.

ಸೆಪ್ಟೆಂಬರಿನಲ್ಲಿ ಅವರ ಪರಿಚಯದ ಬಂದೂಕಿನ ವ್ಯಾಪಾರಿ ಎರಡು ದುರ್ಬೀನುಗಳನ್ನು ನೋಡಿ ಹಿಂದಿರುಗಿಸಲು ಕೊಟ್ಟ. ಒಂದು ಹೊಚ್ಚಹೊಸದು, ಮೈತುಂಬ ಅಂಕಿಗಳು, ಒಳಗೆ ಕೆಂಪು ಚುಕ್ಕಿ ಉರಿಯುವಂಥದ್ದು. ಇನ್ನೊಂದು ಯಾರೋ ಬಳಸಿದ್ದು, ಆರು ಪಟ್ಟಿನ ಸಾದಾ. ಬೆಲೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಅಂಗಡಿ ಮುಚ್ಚುವ ಹೊತ್ತಿಗೆ ಹಿಂದಿನ ಓಣಿಯಲ್ಲಿ ತರಕಾರಿಯ ಕ್ರೇಟುಗಳನ್ನು ಬೋರಲು ಹಾಕಿ, ಮೇಲೆ ಬಾಸ್ಮತಿ ಅಕ್ಕಿಯ ಮೂಟೆ ಇಟ್ಟು, ಮೂಟೆಯ ಮೇಲೆ ಹಳೆಯದೂ ಸೇರಿ ಮೂರು ದುರ್ಬೀನುಗಳನ್ನು ಸಾಲಾಗಿ ಮಲಗಿಸಿದೆವು. ಓಣಿಯ ಆ ತುದಿಯಲ್ಲಿ ಬೇಕರಿಯ ಗೋಡೆ. ಅದರ ಮೇಲೆ ಒಂದು ದೀಪ, ಕೈ ತೊಳೆಯುವ ವಿಧಾನದ ಹಳದಿ ಭಿತ್ತಿಪತ್ರ. ಬೆಳಕು ಇಳಿಯುತ್ತಿತ್ತು. ಒಬ್ಬರು ನೋಡುವುದು, ಮೆತ್ತನೆಯ ಬಟ್ಟೆಯಲ್ಲಿ ಒರೆಸುವುದು, ಎರಡು ಮೀಟರ್ ಹಿಂದೆ ಸರಿಯುವುದು, ಆಮೇಲೆ ಇನ್ನೊಬ್ಬರು. ಸಾದಾದರಲ್ಲಿ ನನಗೆ ಭಿತ್ತಿಪತ್ರದ ಕೆಳಗಿನ ಸಣ್ಣ ಅಕ್ಷರಗಳೂ ಕಂಡವು. ಅಂಕಿಗಳ ಸರದಾರ ಮಬ್ಬಾಗಿದ್ದ. ಹಳೆಯದು ಕೂಡ ನಾನೆಣಿಸಿದಷ್ಟು ಕೆಟ್ಟಿರಲಿಲ್ಲ. ಅದು ವಿಚಿತ್ರವಾಗಿ ತೋರಿತು.

ಅವರು ಮೂರನ್ನೂ ನೋಡಿದರು. ಮತ್ತೆ ನೋಡಿದರು.

"ಮೂರೂ ಒಂದ ಜಾತಿವು ಬಿಡ್ರಿ," ಎಂದರು. "ಗಾಜಿನ ಮ್ಯಾಲೆ ಹಾಲ ಚೆಲ್ಲಿಧಂಗ ಕಾಣಸ್ತೈತಿ. ಆ ಲೈಟಿನ ಸುತ್ತ ನೋಡ್ರಿ, ಬಳಿ ತೊಡಿಸಿಧಂಗ."

ಎಡಗಣ್ಣಿನಲ್ಲಿ ನೋಡಿ ಎಂದೆ. ಯಾಕ್ರೀ ಎಂದರು. ನೋಡಿ ಎಂದೆ. ಬಗ್ಗಿ ಸಾದಾ ದುರ್ಬೀನಿಗೆ ಎಡಗಣ್ಣು ಇಟ್ಟರು. ಸ್ವಲ್ಪ ಹೊತ್ತಿನ ಮೇಲೆ ಭಿತ್ತಿಪತ್ರದ ಕಡೆಯ ಸಾಲನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ, ನಿಧಾನವಾಗಿ ಓದಿದರು. ಮತ್ತೆ ಬಲಗಣ್ಣು ಇಟ್ಟರು. ಮತ್ತೆ ಎಡಗಣ್ಣು. ಆಮೇಲೆ ನೆಟ್ಟಗೆ ನಿಂತರು.

"ದುರ್ಬೀನು ಸರಿಯಾಗಿದೆ, ಸಾಹೇಬರೇ. ನಿಮ್ಮ ಬಲಗಣ್ಣಿಗೆ ಪೊರೆ ಬಂದಿದೆ."

"ನೀವೇನ್ ಡಾಕ್ಟರ್ ಏನ್ರಿ?"

ಅಲ್ಲ, ಮಸುಕಾದ ಗಾಜಿನಲ್ಲಿ ಹೇಗೆ ಕಾಣುತ್ತದೆಂದು ಗೊತ್ತು ಎಂದೆ. ಅವರು ದುರ್ಬೀನುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ, ಮೂಟೆಯನ್ನು ಹೆಗಲಿಗೇರಿಸಿಕೊಂಡು ಒಳಗೆ ಹೋದರು. ಹಿಂಬಾಗಿಲು ಮುಚ್ಚಿತು.

ಮುಂದಿನ ಭೇಟಿಯಲ್ಲಿ ನಾನು ಸುಬೇದಾರ್ ಸಾಹೇಬ ಆಗಿರಲಿಲ್ಲ, ಬರೀ ಸರ್. ಬೇಳೆ ತೂಗಿದರು, ಚಿಲ್ಲರೆ ಕೊಟ್ಟರು, ನೆಕ್ಸ್ಟ್ ಎಂದರು. ಯಾವಾಗಲೂ ಮೇಲೆ ಹಾಕುತ್ತಿದ್ದ ಕರಿಬೇವಿನ ಕಡ್ಡಿ ಅಂದು ಬರಲಿಲ್ಲ. ಅದರ ನಂತರದ ಸಲವೂ ಹಾಗೇ. ನಾನು ಬೇರೆ ಅಂಗಡಿ ಹುಡುಕಲಿಲ್ಲ. ಮಂಗಳವಾರ, ಶುಕ್ರವಾರ ಹೋಗುವುದು ನನ್ನ ಕ್ರಮ, ಹೋಗುತ್ತಿದ್ದೆ.

ಆಮೇಲೊಂದು ದಿನ ಗಲ್ಲಾದಲ್ಲಿ ಅವರ ಹೆಂಡತಿ ಕುಳಿತಿದ್ದರು. ಸಾಹೇಬರು ಒಳಗೆ ಫೋನಿನಲ್ಲಿ ಕಣ್ಣಿನ ಆಸ್ಪತ್ರೆಯವರ ಜೊತೆ ಮಾತಾಡುತ್ತಿದ್ದರು. ಚಷ್ಮಾದ ಅಂಗಡಿಯವರು ಪರೀಕ್ಷಿಸಿ, ಪೊರೆಯೇ ಎಂದು ಬರೆದುಕೊಟ್ಟಿದ್ದರಂತೆ. ನಾನು ಆಕೆಗೆ, ತಪ್ಪು ತಿಳಿಯಬೇಡಿ, ಕಣ್ಣಿನ ವಿಷಯ ಮುಚ್ಚಿಡುವುದು ಸರಿಯಲ್ಲ ಅಂತ ಹೇಳಿದೆ, ಎಂದೆ.

"ನೀವು ಕಣ್ಣಿನ ಸುದ್ದಿ ಹೇಳಲಿಲ್ಲ, ಭಾಯಿಸಾಬ್," ಎಂದರು ಆಕೆ, ಬೆಂಡೆಕಾಯಿ ಆರಿಸುತ್ತ. "ಆ ಜಿಂಕಿ ತಪ್ಪು ಯಾರದು ಅಂತ ಹೇಳಿದ್ರಿ."

ನಾನು ಚೀಲದ ಬಾಯಿ ಅಗಲಿಸಿ ಹಿಡಿದೆ. ಆಕೆ ಕರಿಬೇವು ಹಾಕಿದರು.

ಅಷ್ಟರಲ್ಲಿ ಸಾಹೇಬರು ಒಳಗಿನಿಂದ ಬಂದರು. ಸೋಂಕಿನಿಂದಾಗಿ ಶಸ್ತ್ರಚಿಕಿತ್ಸೆಗಳೆಲ್ಲ ಮುಂದೆ ಹೋಗಿವೆ, ಸಾಲು ಉದ್ದ ಇದೆ, ನಾವೇ ಕರೆಯುತ್ತೇವೆ ಎಂದು ಆಸ್ಪತ್ರೆಯವರು ಹೇಳಿದ್ದರಂತೆ. ಅತ್ತ ಗುಡ್ಡದ ರೈತ ಎರಡು ಸಲ ಫೋನ್ ಮಾಡಿದ್ದ. ಅವರು ನನ್ನನ್ನು ನೋಡಿದರು. ಎಡಗಣ್ಣಿನಿಂದ ಹೊಡೆಯುವುದನ್ನು ಈ ವಯಸ್ಸಿನಲ್ಲಿ ಕಲಿಯಬಹುದೇ ಎಂದು ಕೇಳಿದರು. ಸೈನ್ಯದಲ್ಲಿ ಕಲಿಸಿದ್ದನ್ನು ನೋಡಿದ್ದೇನೆ, ಆದರೆ ದಿನವೂ ಅಭ್ಯಾಸ ಮಾಡಬೇಕು, ನಾಗಾ ಆಗಕೂಡದು ಎಂದೆ.

"ಮತ್ತ ಪರೇಡ್ ಶುರು ಮಾಡ್ರಿ, ಸುಬೇದಾರ್ ಸಾಹೇಬ್ರ."

ಹೀಗೆ ಶುರುವಾಯಿತು. ಅಂಗಡಿ ತೆರೆಯುವ ಮುನ್ನ, ಅದೇ ಓಣಿಯಲ್ಲಿ. ಬಂದೂಕನ್ನು ಬೀದಿಗೆ ತರುವಂತಿಲ್ಲ, ಆದ್ದರಿಂದ ನೆಲ ಒರೆಸುವ ಮಾಪಿನ ಕೋಲು. ಎಡ ಹೆಗಲಿಗೆ ತರುವುದು, ಕೆನ್ನೆ ಒರಗಿಸುವುದು, ಉಸಿರು ಅರ್ಧ ಬಿಟ್ಟು ಹಿಡಿಯುವುದು, ಬೆರಳು ಮಾತ್ರ ಚಲಿಸುವುದು. ಕೈ ತಾನಾಗಿ ಬಲಕ್ಕೆ ಹೋಗುತ್ತಿತ್ತು. ಮತ್ತೆ ಎನ್ನುತ್ತಿದ್ದೆ. ಮತ್ತೆ ಮಾಡುತ್ತಿದ್ದರು. ಮೊಣಕಾಲು ನೋಯುತ್ತದೆ ಎಂದರೆ, ಜಿಂಕೆಗೆ ಅದನ್ನು ಹೇಳಿ ಎನ್ನುತ್ತಿದ್ದೆ. ನಿಮ್ಮ ಕೈಯಲ್ಲಿ ಪಳಗಿದ ಹುಡುಗರ ಮೇಲೆ ನನಗೆ ಮರುಕ ಎಂದು ಅವರು ಏದುಸಿರು ಬಿಡುತ್ತಿದ್ದರು. ಬೇಕರಿಯ ಐರಿಶ್ ಮುದುಕ ಒಂದು ಬೆಳಿಗ್ಗೆ ಬಾಗಿಲಲ್ಲಿ ಚಹಾ ಹಿಡಿದು ನಿಂತು, ಯುದ್ಧಕ್ಕೆ ಹೊರಟಿದ್ದೀರಾ ಎಂದು ಕೇಳಿದ. ಸಾಹೇಬರು ಮಾಪನ್ನು ಹೆಗಲಿನಿಂದ ಇಳಿಸದೆ, "ಗ್ರ್ಯಾಂಡ್ ಬಾಯ್, ಗ್ರ್ಯಾಂಡ್, ನೆಲ ಒರೆಸ್ತಾ ಇದ್ದೀವಿ," ಎಂದು, ಎಲ್ಲಕ್ಕೂ ಗ್ರ್ಯಾಂಡ್ ಎನ್ನುವ ಈ ಊರಿನವರ ಧಾಟಿಯಲ್ಲೇ ಉತ್ತರ ಕೊಟ್ಟರು.

ಸಾದಾ ದುರ್ಬೀನನ್ನೇ ಕೊಂಡರು. ಉಂಗುರಗಳನ್ನು ಹೊಸದಾಗಿ, ಒಳ್ಳೆಯವನ್ನು. ತಮ್ಮ ಕ್ಲಬ್ಬಿನ ಗುಂಡಿನ ಮೈದಾನಕ್ಕೆ ಹೋಗಿ ಎಡ ಹೆಗಲಿನಿಂದ ಕಾಗದಕ್ಕೆ ಹೊಡೆದರು. ಮೊದಲ ಕಾಗದವನ್ನು ನನಗೆ ತೋರಿಸಲಿಲ್ಲ. ಎರಡನೆಯದನ್ನು ತೋರಿಸಿದರು. ಮೂರನೆಯದನ್ನು ಗಲ್ಲಾದ ಹಾಳೆಗೆ ಒತ್ತಿ ಹಿಡಿದರು. ತೂತುಗಳೆಲ್ಲ ಒಂದು ಚಹಾ ಬಸಿಯಿಂದ ಮುಚ್ಚುವಷ್ಟು ಜಾಗದಲ್ಲಿದ್ದವು. ನನ್ನ ಹಿಂದೆ ನಿಂತಿದ್ದ ಹೆಂಗಸು ಅದು ಯಾವ ತಿಂಡಿಯ ಜಾಹೀರಾತು ಎಂದು ಕೇಳಿದಳು.

ಅಕ್ಟೋಬರಿನಲ್ಲಿ ಮತ್ತೆ ಬಿಗಿ ಬಂತು. ಮನೆಯಿಂದ ಐದು ಕಿಲೋಮೀಟರಿನ ಆಚೆ ಹೋಗುವಂತಿಲ್ಲ ಎಂದು ಘೋಷಣೆಯಾಯಿತು. ರೈತನ ಗುಡ್ಡ ಅದಕ್ಕಿಂತ ದೂರ. ಆಜ್ಞೆ ಜಾರಿಗೆ ಬರುವ ಮುಂಚಿನ ಕೊನೆಯ ಬೆಳಿಗ್ಗೆ ಅವರು ಒಬ್ಬರೇ ಹೋದರು. ಒಟ್ಟಿಗೆ ಕಾರಿನಲ್ಲಿ ಕೂರುವಂತಿರಲಿಲ್ಲ, ಕೂರಬಹುದಾಗಿದ್ದರೂ ನಾನು ಹೋಗುತ್ತಿರಲಿಲ್ಲ. ಆ ಬೆಳಿಗ್ಗೆ ನಾನು ಎಂದಿನಂತೆ ವ್ಯಾಯಾಮ ಮಾಡಿದೆ, ಕ್ಷೌರ ಮಾಡಿಕೊಂಡೆ. ಬೂಟಿಗೆ ಎರಡು ಸಲ ಪಾಲಿಶ್ ಮಾಡಿದ್ದೇನೆಂದು ಮೊಮ್ಮಗಳು ಹೇಳಿದಾಗ ತಿಳಿಯಿತು.

ಅಂದು ನನ್ನ ವಾರವಲ್ಲ, ಆದರೂ ಮಧ್ಯಾಹ್ನ ಅಂಗಡಿಗೆ ಹೋದೆ. ಅವರು ಅಕ್ಕಿ ಜೋಡಿಸುತ್ತಿದ್ದರು. ಬೂಟಿಗೆ ಇನ್ನೂ ಕೆಸರಿತ್ತು. ಅವರೇ ಹೇಳಿದರು. ಬೆಳಕು ಹರಿಯುವಾಗ ಕೊಂಬಿನ ಗಂಡು ಜಿಂಕೆಯೊಂದು ಮರಗಳಿಂದ ಹೊರಬಂದು, ಹುಲ್ಲಿನ ಅಂಚಿನಲ್ಲಿ ಅಡ್ಡಲಾಗಿ ನಿಂತಿತಂತೆ. ದೂರ ಸರಿಯಾಗಿತ್ತು. ಹಿಂದೆ ಗುಡ್ಡದ ಮಣ್ಣು. ಗಾಳಿ ಇರಲಿಲ್ಲ. ಎಡ ಹೆಗಲಿಗೆ ತಂದರು. ಗುರಿಗೆರೆ ಭುಜದ ಹಿಂದೆ ಸರಿಯಾಗಿ ಕೂತಿತು. ದೇವರ ಹೆಸರು ನಾಲಿಗೆಯ ತುದಿಗೆ ಬಂದಿತ್ತು...

"ಅದರ ಹಿಂದ ಇನ್ನೊಂದ ನಿಂತಿತ್ರೀ," ಎಂದರು. "ಹೆಣ್ಣು. ಒಂದ ಕಿವಿ ಅಷ್ಟ ಕಾಣಸ್ತಿತ್ತು, ಹುಲ್ಲಿನ ಬಣ್ಣ. ಗುಂಡು ಇದನ್ನ ದಾಟಿ ಅದಕ್ಕೂ ಹೋಗತಿತ್ತು."

ಕಾದರಂತೆ. ಎರಡೂ ಬೇರೆಯಾಗಲಿಲ್ಲ. ಮೇಯುತ್ತ ಮೇಯುತ್ತ ಒಟ್ಟಿಗೇ ಮರಗಳ ಒಳಗೆ ಹೋದವು. ಬಂದೂಕಿನಿಂದ ಗುಂಡು ತೆಗೆದು ಮನೆಗೆ ಬಂದರು. ಅಷ್ಟು ತಯಾರಿ ಮಾಡಿ ಬರಿಗೈಯಲ್ಲಿ ಬಂದಿರಲ್ಲ ಎಂದೆ. ನಾನು ಹಾಗೆ ಹೇಳಬಾರದಿತ್ತೇನೋ. ಅವರಿಗೆ ಬೇಸರವಾಗಲಿಲ್ಲ. ಆ ವರ್ಷ ನಾನು ಅವರ ಮುಖದಲ್ಲಿ ಅಂಥ ನಿರಾಳವನ್ನು ನೋಡಿರಲಿಲ್ಲ. ಮಾಸ್ಕ್ ಗದ್ದಕ್ಕೆ ಜಾರಿತ್ತು, ಸರಿಪಡಿಸಿಕೊಳ್ಳಲೂ ಇಲ್ಲ.

"ಕಾಣಿಸ್ತ್ರೀ, ಸುಬೇದಾರ್ ಸಾಹೇಬ್ರ," ಎಂದರು. "ಅದಕ್ಕ ಹೊಡೀಲಿಲ್ಲ."

ಬಿಗಿ ಸಡಿಲವಾದ ಮೇಲೆ ಮತ್ತೆ ಬರುತ್ತೇನೆಂದು ರೈತನಿಗೆ ತಿಳಿಸಿದರು. ಹೋಗಲಾಗಲಿಲ್ಲ. ಕ್ರಿಸ್‌ಮಸ್ ಕಳೆದ ಮೇಲೆ ಊರಿನಲ್ಲಿ ಸೋಂಕು ಜೋರಾಯಿತು. ದಿನವಿಡೀ ಗಲ್ಲಾದಲ್ಲಿ ಕೂರುವವರು, ಅವರಿಗೂ ಬಂತು. ಒಂದು ಶುಕ್ರವಾರ ಷಟರ್ ಮುಚ್ಚಿತ್ತು. ಮಂಗಳವಾರವೂ. ಆಸ್ಪತ್ರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಆಮೇಲೆ ಮಗಳು ಮೊಬೈಲಿನಲ್ಲಿ ಬಂದ ಸುದ್ದಿಯನ್ನು ನನಗೆ ಓದಿ ಹೇಳಿದಳು...

ಅಂತ್ಯಕ್ರಿಯೆಗೆ ಬೆರಳೆಣಿಕೆಯ ಜನಕ್ಕೆ ಮಾತ್ರ ಅವಕಾಶ. ಇಲ್ಲಿಯ ಜನ ಆ ದಿನಗಳಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದರು. ಶವದ ಕಾರು ಸತ್ತವರ ಬೀದಿಯಲ್ಲಿ ನಿಧಾನವಾಗಿ ಹಾದು ಹೋಗುವುದು, ಪರಿಚಯದವರು ರಸ್ತೆಯ ಅಂಚಿನಲ್ಲಿ ದೂರ ದೂರ ನಿಲ್ಲುವುದು. ನಾನೂ ನಿಂತೆ. ಬೇಕರಿಯ ಮುದುಕ ನಿಂತಿದ್ದ, ಅಂಚೆಯವ ನಿಂತಿದ್ದ. ಜಿಂಕೆ ಮಾಂಸದ ಪಾಲು ಪಡೆದಿದ್ದ ಹುಡುಗರು ಇಳಿಜಾರಿನ ಉದ್ದಕ್ಕೂ ನಿಂತಿದ್ದರು. ಕಾರು ಅಂಗಡಿಯ ಮುಂದೆ ಸ್ವಲ್ಪ ನಿಂತು ಮುಂದೆ ಹೋಯಿತು. ನಾನು ಸೆಲ್ಯೂಟ್ ಮಾಡಿದೆ. ಅದು ಮಾಡಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಹೋಯಿತು.

ನಾನು ಮೈಸೂರಿಗೆ ಹಿಂದಿರುಗುವ ಮುನ್ನ ಅವರ ಹೆಂಡತಿಯನ್ನು ನೋಡಲು ಹೋದೆ. ಬಂದೂಕನ್ನು ಪೊಲೀಸರ ಸಮ್ಮುಖದಲ್ಲಿ ವ್ಯಾಪಾರಿಗೆ ಒಪ್ಪಿಸಿದ್ದರು, ದುರ್ಬೀನು ಸಮೇತ. ಆ ವಾರ ಕಣ್ಣಿನ ಆಸ್ಪತ್ರೆಯಿಂದ ಫೋನ್ ಬಂದಿತ್ತಂತೆ, ನಿಮ್ಮ ಯಜಮಾನರ ಸರದಿ ಬಂದಿದೆ ಎಂದು. ಆಕೆ ವಿಷಯ ತಿಳಿಸಿದರು. ಆ ಕಡೆಯ ಹುಡುಗಿ ಕ್ಷಮೆ ಕೇಳಿ, ಹಾಗಾದರೆ ಆ ಜಾಗವನ್ನು ಮುಂದಿನವರಿಗೆ ಕೊಡಲೇ ಎಂದಳಂತೆ.

"ಕೊಡ್ರಿ ಅಂದೆ," ಎಂದರು ಆಕೆ. "ಯಾರಿಗಾದರೂ ಕಾಣಲಿ."

ಈ ಸಲ ನಾನು ಬರುವ ಹೊತ್ತಿಗೆ ಆಕೆ ಮಗನ ಮನೆಗೆ, ಬೇರೆ ದೇಶಕ್ಕೆ ಹೋಗಿಯಾಗಿತ್ತು. ಅಂಗಡಿಯನ್ನು ಬೆಂಗಳೂರಿನ ಒಂದು ಎಳೆಯ ಜೋಡಿ ನಡೆಸುತ್ತಿದೆ. ಚೊಕ್ಕಟವಾಗಿ ಇಟ್ಟುಕೊಂಡಿದ್ದಾರೆ. ಬೇಳೆ ಪೊಟ್ಟಣದಲ್ಲಿ ಬರುತ್ತದೆ, ತೂಗುವ ಕೆಲಸವಿಲ್ಲ. ಮಂಗಳವಾರ ಮತ್ತು ಶುಕ್ರವಾರ ನಾನು ಹೋಗುತ್ತೇನೆ. ಆ ಹುಡುಗಿ ನನ್ನನ್ನು ಅಂಕಲ್ ಎನ್ನುತ್ತಾಳೆ, ಏನು ಬೇಕಾದರೂ ಫೋನ್ ಮಾಡಿ, ಮನೆಗೇ ಕಳಿಸ್ತೀವಿ ಎನ್ನುತ್ತಾಳೆ. ಒಳ್ಳೆಯ ಮಕ್ಕಳು. ನಾನು ಸೈನ್ಯದಲ್ಲಿದ್ದೆನೆಂದು ಅವರಿಗೆ ಗೊತ್ತಿಲ್ಲ, ಹೇಳುವ ಸಂದರ್ಭವೂ ಬಂದಿಲ್ಲ. ಬದುಕಿನ ಹೆಚ್ಚಿನ ಭಾಗ ನಾನು ಮಾಡಿದ ಕೆಲಸದ ಬಗ್ಗೆ ಈ ದೇಶದಲ್ಲಿ ವಿಚಾರಿಸಿದವರು ಸಾಹೇಬರೊಬ್ಬರೇ. ಮಾತು ಮುಗಿದಿರಲಿಲ್ಲ. ಮಳೆಯಲ್ಲಿ ಗಾಜಿನೊಳಗೆ ಹಬೆ ಕಟ್ಟದಂತೆ ಹೇಗೆ ನೋಡಿಕೊಳ್ಳಬೇಕೆಂದು ಕೇಳಿದ್ದರು, ಮುಂದಿನ ಸಲ ಹೇಳುತ್ತೇನೆ ಎಂದಿದ್ದೆ.